ಗುಳುಂಬನ ಹೊಟ್ಟೆ

ಇಷ್ಟೆಲ್ಲ ರಂಪಕ್ಕೆ ಕಾರಣ ಒಂದು ಹೊಟ್ಟೆ. ಅದೂ ಚಿತ್ರಗಾರನ ಸ್ವಂತ ಹೊಟ್ಟೆಯಲ್ಲ, ಲೋಕದಲ್ಲೇ ಇಲ್ಲದ ಒಂದು ಪ್ರಾಣಿಯ ಹೊಟ್ಟೆ. ಅದನ್ನು ಅವನು ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು, ಆಕಳಿಸುತ್ತಾ, ರಬ್ಬರಿನಿಂದ ಉಜ್ಜಿ ಅಳಿಸಿಬಿಟ್ಟಿದ್ದ. ಅಳಿಸುವಾಗ ಯಾರೂ ಬಂದು ಕೈ ಹಿಡಿಯಲಿಲ್ಲ. ಈಗ ಕತ್ತು ಹಿಡಿಯಲು ಊರೆಲ್ಲ ಬಂದಿತ್ತು.

ಅವನ ಕಂಪನಿ ಒಂದು ಆಟವನ್ನು ಮಾಡಿ ಮಾರುತ್ತಿತ್ತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಆ ಕತೆಯೊಳಗಿನ ವೀರರಾಗುತ್ತಾರೆ. ಎದುರಿಗೆ ರಾಕ್ಷಸ ಬರುತ್ತಾನೆ, ಇವರು ದಾಳ ಹಾಕುತ್ತಾರೆ, ಬಿದ್ದ ಅಂಕಿ ನೋಡಿ ಬದುಕುತ್ತಾರೆ ಇಲ್ಲವೇ ಸಾಯುತ್ತಾರೆ. ಈ ರಾಕ್ಷಸರದ್ದೇ ಒಂದು ದಪ್ಪ ಪುಸ್ತಕವಿದೆ. ಅದರ ಚಿತ್ರಗಳು ಇಪ್ಪತ್ತು ವರ್ಷ ಹಳೆಯವಾದವು, ಹೊಸದಾಗಿ ಬರೆಸಿ ಎಂದು ಮೇಲಿನವರು ತೀರ್ಮಾನ ಮಾಡಿ, ಅಷ್ಟೂ ರಾಕ್ಷಸರನ್ನು ತಂದು ಚಿತ್ರಗಾರನ ತಲೆಗೆ ಕಟ್ಟಿದರು.

ಆ ಪುಸ್ತಕದಲ್ಲಿ ಗುಳುಂಬನಷ್ಟು ಬಡಪಾಯಿ ರಾಕ್ಷಸ ಇನ್ನೊಬ್ಬನಿಲ್ಲ. ಪಾಳುಬಾವಿಯಲ್ಲಿ ವಾಸ. ಗುಡಾಣದಂಥ ಹೊಟ್ಟೆ, ಬಾಯಲ್ಲಿ ಮೂರೇ ಹಲ್ಲು, ಈಗ ತಾನೇ ಬೈಸಿಕೊಂಡು ಬಂದವನ ಮುಖ. ‘ಇವನನ್ನ ನೋಡಿದ್ರೆ ಎದೆ ಝಲ್ ಅನ್ಬೇಕಪ್ಪ, ಅಯ್ಯೋ ಪಾಪ ಅನ್ನಿಸಬಾರದು’ ಎಂದು ಮ್ಯಾನೇಜರು ಹೇಳಿದ್ದರು. ಚಿತ್ರಗಾರ ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ಹೊಟ್ಟೆ ತೆಗೆದ, ಮೈತುಂಬ ಮಾಂಸಖಂಡ ಹಾಕಿದ, ಬಾಯಿತುಂಬ ಹಲ್ಲು ಕೂರಿಸಿದ. ಪುಸ್ತಕ ಅಂಗಡಿಗೆ ಬಂದು ಎರಡೇ ದಿನವಾಗಿತ್ತು. ಈ ದಿನ ಬೆಳಿಗ್ಗೆ ಎದ್ದು ಫೋನು ನೋಡಿದರೆ ಅವನಿಗೆ ಹೊಸ ಹೆಸರು ಬಂದಿತ್ತು. ಹೊಟ್ಟೆಗಳ್ಳ.

‘ಇದು ಗುಳುಂಬ ಅಲ್ಲ, ಗುಳುಂಬನಿಗೆ ಕಸರತ್ತು ಹೇಳಿಕೊಡೋ ಪೈಲ್ವಾನ’ ಎಂದು ಒಬ್ಬ ಬರೆದಿದ್ದ. ‘ನನ್ನ ಬಾಲ್ಯವನ್ನು ಕೊಂದಿದ್ದೀರಿ, ರಾತ್ರಿ ನಿದ್ದೆಯಾದರೂ ಬರುತ್ತದೆಯೇ?’ ಎಂದು ಇನ್ನೊಬ್ಬಳು ಕೇಳಿದ್ದಳು. ನಿದ್ದೆ ಚೆನ್ನಾಗಿಯೇ ಬಂದಿತ್ತು. ಅದನ್ನು ನೆನೆದು ಚಿತ್ರಗಾರನಿಗೆ ನಾಚಿಕೆಯಾಯಿತು. ಓದಿದಷ್ಟೂ ಬಯ್ಗುಳ ಮುಗಿಯದೆ, ಅವನು ಫೋನನ್ನು ಬೋರಲು ಹಾಕಿ ಅದರ ಮೇಲೆ ದಿಂಬು ಇಟ್ಟ.

‘ಒಂದು ಹೊಟ್ಟೆ ಇದ್ದಿದ್ರೆ ನಿಮ್ಮ ಗಂಟೇನ್ರೀ ಹೋಗ್ತಿತ್ತು?’ ಎಂದಳು ಹೆಂಡತಿ.

‘ನಂಗೇನು ಕನಸು ಬಿದ್ದಿತ್ತೇನೇ, ಜನ ಆ ಹೊಟ್ಟೇನ ಇಷ್ಟು ಹಚ್ಕೊಂಡಿದಾರೆ ಅಂತ?’

‘ಹಂಗಾಮಿ ಕೆಲಸ ನಿಮ್ಮದು. ನಾಳೆ ಬರಬೇಡ ಅಂದ್ರೆ ಮುಗೀತು. ಅಪ್ಪ ಕಾಯ್ತಾ ಕೂತಿದಾರೆ.’

ಅಪ್ಪ ಎಂದರೆ ಅವಳ ಅಪ್ಪ, ಚಿತ್ರಗಾರನ ಮಾವ. ಅವರದ್ದು ಟೈರಿನ ಅಂಗಡಿ. ಮದುವೆಯಾದ ದಿನದಿಂದ, ಚಿತ್ರ ಬರೆದು ಯಾರೂ ಉದ್ಧಾರ ಆಗಿಲ್ಲ, ಬಂದು ಟೈರು ಎತ್ತು ಎಂದು ಅವರು ಹೇಳುತ್ತಲೇ ಇದ್ದರು. ಚಿತ್ರಗಾರ ಐದು ವರ್ಷದಿಂದ ಕಂಪನಿಯಲ್ಲಿ ಹಂಗಾಮಿಯಾಗಿ ನೇತಾಡುತ್ತಿದ್ದ. ಈ ಪುಸ್ತಕ ಮುಗಿದರೆ ಕಾಯಂ ಮಾಡುತ್ತೇವೆ ಎಂದಿದ್ದರು. ಕಾಯಂ ಆದರೆ ಜೀವನಪೂರ್ತಿ ಚಿತ್ರ, ಆಗದಿದ್ದರೆ ಜೀವನಪೂರ್ತಿ ಟೈರು. ಪಾಪ, ಅವನಿಗೆ ಬೇರೆ ಏನೂ ಬರುತ್ತಿರಲಿಲ್ಲ. ಟೈರು ಎತ್ತುವುದಂತೂ ಬರುತ್ತಲೇ ಇರಲಿಲ್ಲ.

ಮೆಟ್ಟಿಲು ಇಳಿಯುವಾಗ ಕೆಳಗಿನ ಮನೆಯ ಗಣಿತದ ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಹಳೆಯ ರಾಕ್ಷಸರ ಪುಸ್ತಕ. ಮೂಲೆಗಳೆಲ್ಲ ಸವೆದು ಗುಂಡಗಾಗಿದ್ದವು.

‘ಒಂದು ನಿಮಿಷ ನಿಲ್ಲಿ. ಒಂದೇ ಪ್ರಶ್ನೆ ಕೇಳ್ತೀನಿ. ನಿಮ್ಮ ಗುಳುಂಬ ನಾಲ್ಕು ಜನರನ್ನ ನುಂಗಿದ ಅಂತ ಇಟ್ಕೊಳ್ಳಿ. ಎಲ್ಲಿ ಇಡ್ತಾನೆ?’

‘ಯಾರನ್ನ ಸಾರ್?’

‘ನುಂಗಿದವರನ್ನ.’

‘ನುಂಗ್ತಾನಾ ಅವನು?’ ಎಂದುಬಿಟ್ಟ ಚಿತ್ರಗಾರ.

ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಬಾಗಿಲಿಗೆ ಒರಗಿದರು. ತರಗತಿಯಲ್ಲಿ ಎರಡು ಮತ್ತು ಎರಡು ಐದು ಎಂದವನನ್ನು ಕಂಡಾಗಲೂ ಅವರು ಹೀಗೆ ಮಾಡಿರಲಾರರು. ಒಳಗಿನಿಂದ ಅವರ ಹೆಂಡತಿ ಬಂದು, ಬೇಸರದಲ್ಲೇ ಆದರೂ ಮೆತ್ತಗೆ ಹೇಳಿದರು: ‘ನಾವಿಬ್ರೂ ಮೊದಲು ಮಾತಾಡಿದ್ದೇ ಅವನ ಹೊಟ್ಟೆ ಒಳಗೆ ಕಣಪ್ಪ. ಆಟ ಆಡ್ತಾ ಇವರನ್ನ ಮೊದಲು ನುಂಗಿದ್ದ, ಆಮೇಲೆ ನನ್ನ. ನಂಗೆ ಕತ್ತಲು ಅಂದ್ರೆ ಹೆದರಿಕೆ ಅಂದಿದ್ದಕ್ಕೆ ಇವರು ತಮ್ಮ ದೀಪ ನನ್ನ ಕಡೆ ಇಟ್ರು. ಈಗ ನೀನು ಆ ಜಾಗಾನೇ ಅಳಿಸಿಹಾಕಿದೀಯ.’

ಚಿತ್ರಗಾರ ತಲೆ ತಗ್ಗಿಸಿ ಬಸ್ಸಿಗೆ ಓಡಿದ. ಅವನ ಗುಟ್ಟು ಇಷ್ಟೇ: ಐದು ವರ್ಷದಿಂದ ಆ ಆಟಕ್ಕೆ ಚಿತ್ರ ಬರೆಯುತ್ತಿದ್ದ, ಒಂದು ಸಲವೂ ಆಡಿರಲಿಲ್ಲ. ಯಾರೂ ಕರೆದಿರಲಿಲ್ಲ, ಅವನೂ ಕೇಳಿರಲಿಲ್ಲ.

ಬಸ್ಸಿನಲ್ಲಿ ದಢೂತಿ ಕಂಡಕ್ಟರು ಅವನ ಮುಖ ನೋಡಿದ, ತನ್ನ ಫೋನು ನೋಡಿದ, ಮತ್ತೆ ಮುಖ ನೋಡಿದ. ಟಿಕೆಟು ಕೊಡುತ್ತಾ, ‘ನಿಮ್ಮಂಥೋರಿಗೆ ಸೀಟು ಯಾಕೆ ಸಾರ್, ನಿಂತ್ಕೊಂಡೇ ಬನ್ನಿ, ಹೊಟ್ಟೆ ಕರಗುತ್ತೆ’ ಎಂದ. ಬಸ್ಸಿನಲ್ಲಿ ಅರ್ಧದಷ್ಟು ಸೀಟು ಖಾಲಿ ಇತ್ತು. ಚಿತ್ರಗಾರ ಕಂಬಿ ಹಿಡಿದು ನಿಂತೇ ಹೋದ.

ಆಫೀಸಿನಲ್ಲಿ ಮ್ಯಾನೇಜರು ಬಂದಿರಲಿಲ್ಲ. ಹೊಟ್ಟೆನೋವೆಂದು ರಜೆ ಹಾಕಿದ್ದರಂತೆ. ಸಿಕ್ಕವನು ರೂಲ್ಸಣ್ಣ. ಆಟದ ನಿಯಮಗಳನ್ನೆಲ್ಲ ಬರೆಯುವವನು ಇವನೇ, ಹಾಗಾಗಿ ಈ ಹೆಸರು.

‘ನಾನು ಸ್ಪಷ್ಟವಾಗಿ ಬರೆದಿದೀನಿ ಮಾರಾಯ’ ಎಂದ ರೂಲ್ಸಣ್ಣ. ‘ಗುಳುಂಬ ನುಂಗಿದರೆ ಸಾವಿಲ್ಲ. ಹೊಟ್ಟೆಯಲ್ಲಿ ನಾಲ್ಕು ಜನಕ್ಕೆ ಜಾಗ. ಇಪ್ಪತ್ತು ವರ್ಷದಿಂದ ಹಾಗೇ ಇದೆ.’

‘ಚಿತ್ರ ನಿನಗೇ ಮೊದಲು ತೋರಿಸಿದ್ನಲ್ಲೋ. ಆಗ ಬಾಯಿ ಬಿಡಬಾರದಿತ್ತಾ?’

‘ಚಿತ್ರ ನನ್ನ ವಿಭಾಗ ಅಲ್ಲವಲ್ಲ’ ಎಂದು ಅವನು ಕೈ ಒದರಿದ. ಆಮೇಲೆ ದನಿ ತಗ್ಗಿಸಿ, ‘ಅದಿರಲಿ. ಯಜಮಾನರು ಸಂಜೆ ಐದಕ್ಕೆ ನಿಂಗೆ ಬಂದು ಕಾಣು ಅಂದಿದಾರೆ’ ಎಂದ.

‘ಯಾಕಂತೆ?’

‘ಯಾಕೆ ಅಂತ ಹೇಳಲಿಲ್ಲ. ಹೇಳದೇ ಕರೆದ್ರೆ ಒಂದೇ ಅರ್ಥ. ಹೋದ ವರ್ಷ ಬಣ್ಣ ತುಂಬೋ ಹುಡುಗಿನ ಹೀಗೇ ಐದಕ್ಕೆ ಕರೆದರು. ಅವಳ ಕುರ್ಚೀಲಿ ಈಗ ನಾನು ಕಾಲು ಚಾಚ್ತೀನಿ.’ ಎಂದವನೇ ಎದ್ದುಹೋಗಿ ಒಂದು ಖಾಲಿ ರಟ್ಟಿನ ಡಬ್ಬ ತಂದು ಚಿತ್ರಗಾರನ ಮೇಜಿನ ಮೇಲಿಟ್ಟ. ‘ನಿನ್ನ ಕುಂಚ ಗಿಂಚ ಹಾಕ್ಕೊಳ್ಳೋಕೆ. ಕೊನೇ ಗಳಿಗೇಲಿ ಪರದಾಡಬಾರದು ನೋಡು.’

ಇಂಥ ಹಿತೈಷಿಗಳಿದ್ದರೆ ಶತ್ರುಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅಷ್ಟರಲ್ಲಿ ಮಾವನ ಫೋನು ಬಂತು. ಸುದ್ದಿ ಆಗಲೇ ಟೈರಿನ ಅಂಗಡಿ ಮುಟ್ಟಿತ್ತು. ಮಾವ ಸಂತೋಷವನ್ನು ಮುಚ್ಚಿಡಲು ಬಹಳ ಕಷ್ಟಪಡುತ್ತಿದ್ದರು. ‘ಬೇಜಾರು ಮಾಡ್ಕೋಬೇಡಿ ಅಳಿಯಂದಿರೇ. ನಿಮ್ಮ ಎದೆ ಅಳತೆ ಹೇಳಿ, ನೀಲಿ ಅಂಗಿ ಹೊಲಿಸಿಬಿಡ್ತೀನಿ. ಜೇಬಿನ ಮೇಲೆ ಹೆಸರೂ ಹಾಕಿಸ್ತೀನಿ.’

ಚಿತ್ರಗಾರ ಅಳತೆ ಹೇಳಲಿಲ್ಲ. ‘ಏನಾದ್ರೂ ದಾರಿ ಹೇಳೋ’ ಎಂದು ರೂಲ್ಸಣ್ಣನ ಕೈ ಹಿಡಿದುಕೊಂಡ.

‘ಒಂದೇ ದಾರಿ. ಐದು ಗಂಟೆ ಒಳಗೆ ಜನರನ್ನ ಸಮಾಧಾನ ಮಾಡು. ಎಲ್ಲಾ ಶಾಂತವಾಗಿದೆ ಸಾರ್ ಅಂತ ಹೋಗಿ ನಿಂತ್ರೆ, ಕಲ್ಲು ಮನಸ್ಸಾದ್ರೂ ಕರಗಲ್ವಾ? ಹೇಗೂ ಅವರು ಕೆಳಗೇ ಬಂದಿದಾರೆ.’

ಕಿಟಕಿಯಿಂದ ಇಣುಕಿದರೆ ಗೇಟಿನ ಮುಂದೆ ಐವತ್ತು ಅರವತ್ತು ಜನ. ಎಲ್ಲರೂ ಅಂಗಿಯೊಳಗೆ ದಿಂಬು ತುರುಕಿಕೊಂಡು ಹೊಟ್ಟೆ ಮಾಡಿಕೊಂಡಿದ್ದರು. ಮುದುಕರು, ಹೆಂಗಸರು, ಕಾಲೇಜು ಹುಡುಗರು, ಎಲ್ಲರಿಗೂ ಹೊಟ್ಟೆ. ‘ಕೊಡಿ ಕೊಡಿ, ಹೊಟ್ಟೆ ಕೊಡಿ’ ಎಂದು ಕೂಗುತ್ತಿದ್ದರು. ದಾರಿಯಲ್ಲಿ ಹೋಗುವವರು ಇದು ಹೆರಿಗೆ ಆಸ್ಪತ್ರೆಯೇನೋ ಎಂದುಕೊಂಡು ನಿಂತು ನೋಡುತ್ತಿದ್ದರು. ಮುಂದೆ ನಿಂತಿದ್ದವರು ಒಬ್ಬ ಹಲ್ಲಿನ ಡಾಕ್ಟರಮ್ಮ. ಅವರ ಪಕ್ಕದಲ್ಲಿ ಶಾಲೆಗೆ ರಜೆ ಹಾಕಿ ಬಂದ ಮೇಷ್ಟ್ರು, ಅವರ ಹೆಂಡತಿ, ಮತ್ತು ಬೆಳಗಿನ ಡ್ಯೂಟಿ ಮುಗಿಸಿ ಬಂದ ಕಂಡಕ್ಟರು. ಕಂಡಕ್ಟರಿಗೆ ದಿಂಬಿನ ಅಗತ್ಯ ಬಿದ್ದಿರಲಿಲ್ಲ.

ಚಿತ್ರಗಾರ ಕೆಳಗಿಳಿದು ಕೈ ಮುಗಿದ. ‘ನೋಡಿ, ಮಾಂಸಖಂಡ ಇದ್ರೆ ಸ್ವಲ್ಪ ಗಂಭೀರವಾಗಿ...’ ಎಂದು ಶುರುಮಾಡಿದ.

‘ಮಾಂಸಖಂಡ ಬಿಡಿ, ಹಲ್ಲಿನ ಮಾತು ಹೇಳಿ’ ಎಂದರು ಡಾಕ್ಟರಮ್ಮ. ‘ಬಾವಿಯಲ್ಲಿ ಕಪ್ಪೆ ತಿಂದ್ಕೊಂಡು ಇರೋನಿಗೆ ಅಷ್ಟು ಬಿಳಿ ಹಲ್ಲು ಎಲ್ಲಿಂದ ಬಂತು? ಯಾರು ಕಟ್ಟಿದ್ದು? ನನ್ನ ಹತ್ರ ಬರೋ ಮಕ್ಕಳಿಗೆ ನಾನು ಗುಳುಂಬನನ್ನ ತೋರಿಸಿ, ಉಜ್ಜದಿದ್ರೆ ಹೀಗಾಗುತ್ತೆ ಅಂತಿದ್ದೆ. ಇನ್ನು ಯಾರನ್ನ ತೋರಿಸಲಿ?’

‘ಜಾಗದ ಲೆಕ್ಕಕ್ಕೆ ಉತ್ತರ ಬಂದಿಲ್ಲ’ ಎಂದರು ಮೇಷ್ಟ್ರು.

ನಾಲ್ಕು ಕಡೆಯಿಂದ ಪ್ರಶ್ನೆ ಬಂದು ಬಡಿಯುತ್ತಿದ್ದರೆ ಮನುಷ್ಯ ಏನು ಮಾಡಿಯಾನು? ಚಿತ್ರಗಾರ ಕಂಗಾಲಾಗಿ ನಿಜವನ್ನೇ ಹೇಳಿಬಿಟ್ಟ: ‘ತಪ್ಪಾಯ್ತು. ನಂಗೆ ಗೊತ್ತಿರಲಿಲ್ಲ. ನಾನು ಈ ಆಟ ಆಡೇ ಇಲ್ಲ.’

ಕೂಗು ಒಮ್ಮೆಲೇ ನಿಂತಿತು. ಅಷ್ಟು ಜನ ದಿಂಬಿನ ಮೇಲೆ ಕೈ ಇಟ್ಟುಕೊಂಡು ಅವನನ್ನೇ ನೋಡಿದರು. ಹಿಡಿದು ಬಾರಿಸುತ್ತಾರೆ ಎಂದುಕೊಂಡು ಅವನು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. ಆದರೆ ಡಾಕ್ಟರಮ್ಮ ಹತ್ತಿರ ಬಂದು ಅವನ ತೋಳು ಹಿಡಿದರು. ‘ಬನ್ನಿ ಒಳಗೆ. ಈಗಲೇ ಆಡ್ತೀರಿ.’

ಪಾರ್ಸೆಲ್ ಕಟ್ಟುವ ಕೋಣೆಯ ದೊಡ್ಡ ಮೇಜಿನ ಸುತ್ತ ಜಾಗ ಮಾಡಿದರು. ಡಾಕ್ಟರಮ್ಮ ಕತೆ ನಡೆಸುವವರು, ಗುಳುಂಬನ ಪಾಲಿನ ಮಾತೂ ಅವರದ್ದೇ. ಚಿತ್ರಗಾರನನ್ನು ಹಗ್ಗ ಹಿಡಿದ ಒಬ್ಬ ವೀರನನ್ನಾಗಿ ಮಾಡಿದರು. ಅವನು ಕತೆಯಲ್ಲಿ ಬಾವಿಗೆ ಇಳಿದು ಮೊದಲ ದಾಳ ಹಾಕಿದ. ಒಂದು ಬಿತ್ತು.

‘ಗುಳುಂ’ ಎಂದರು ಡಾಕ್ಟರಮ್ಮ. ‘ನುಂಗಿಬಿಟ್ಟ. ಇಳೀರಿ.’

‘ಎಲ್ಲಿಗೆ?’

‘ಮೇಜಿನ ಕೆಳಗೆ.’

ಈ ಆಟ ಆಡುವವರಲ್ಲಿ ಅದೊಂದು ಪದ್ಧತಿ. ಪುಸ್ತಕದಲ್ಲಿ ಬರೆದಿಲ್ಲ, ಆದರೆ ಮುರಿಯುವವರಿಲ್ಲ. ಗುಳುಂಬ ನುಂಗಿದವರು ಮೇಜಿನ ಕೆಳಗೆ ಮುದುಡಿ ಕೂತು ಅಲ್ಲಿಂದಲೇ ಆಡಬೇಕು. ಹೊರಗೆ ಬರಲು ಕತ್ತಿಯೂ ನಡೆಯುವುದಿಲ್ಲ, ಬಲವೂ ನಡೆಯುವುದಿಲ್ಲ. ತಮ್ಮ ನಿಜವಾದ ಸಂಕಟವೊಂದನ್ನು ಹೇಳಿಕೊಂಡು ದಾಳ ಹಾಕಬೇಕು. ಗುಳುಂಬನಿಗೆ ಅಯ್ಯೋ ಅನ್ನಿಸಿದರೆ ಅವನೇ ಕಕ್ಕಿಬಿಡುತ್ತಾನೆ.

ಚಿತ್ರಗಾರ ತೆವಳಿಕೊಂಡು ಕೆಳಗೆ ಹೋದ. ಮರುಕ್ಷಣ ಮೇಷ್ಟ್ರ ಹೆಂಡತಿ ಬಂದರು, ಅವರ ಹಿಂದೆ ಮೇಷ್ಟ್ರು, ಕೊನೆಗೆ ಕಂಡಕ್ಟರು ಬಂದು ಉಳಿದ ಜಾಗವನ್ನೆಲ್ಲ ತುಂಬಿದ. ಒಬ್ಬರ ಮೊಣಕಾಲು ಇನ್ನೊಬ್ಬರ ಗಲ್ಲಕ್ಕೆ ತಾಗುತ್ತಿತ್ತು.

‘ದಿನಾ ಡ್ಯೂಟಿ ಮುಗಿಯೋ ತನಕ ಮುಂದೆ ಹೋಗಿ, ಮುಂದೆ ಹೋಗಿ ಅಂತ ಕಿರಚ್ತೀನಿ ಸಾರ್’ ಎಂದ ಕಂಡಕ್ಟರು, ಕತ್ತಲಲ್ಲಿ, ಬಸ್ಸಿನಲ್ಲಿ ಇಲ್ಲದ ಮೆತ್ತಗಿನ ದನಿಯಲ್ಲಿ. ‘ಇಲ್ಲಿ ಯಾರೂ ಮುಂದೆ ಹೋಗೋ ಹಾಗಿಲ್ಲ. ಎಲ್ಲಾ ಒಟ್ಟಿಗೇ. ವಾರಕ್ಕೊಂದು ಸಲ ಈ ಹೊಟ್ಟೆ ಒಳಗೆ ಬಂದು ಕೂತ್ರೆ ನಂಗೆ ಜೀವ ಬರುತ್ತೆ.’

ತಾನು ಅಳಿಸಿದ್ದು ಏನೆಂದು ಚಿತ್ರಗಾರನಿಗೆ ಆಗ ಗೊತ್ತಾಯಿತು. ಅವನ ಸರದಿ ಬಂದಾಗ ಅವನು ಆಟವೆಂಬುದನ್ನೂ ಮರೆತು ಎಲ್ಲವನ್ನೂ ಹೇಳಿದ. ಐದು ವರ್ಷದ ಹಂಗಾಮಿ ಕೆಲಸ, ರಟ್ಟಿನ ಡಬ್ಬ, ನೀಲಿ ಅಂಗಿ, ಸಂಜೆ ಐದು ಗಂಟೆ. ‘ನಂಗೆ ಚಿತ್ರ ಬಿಟ್ರೆ ಏನೂ ಬರಲ್ಲ. ನಾಳೆಯಿಂದ ಅದೂ ಇರಲ್ಲ’ ಎಂದು ಹೇಳಿ, ಕೈ ಹೊರಗೆ ಚಾಚಿ ದಾಳ ಹಾಕಿದ. ಮತ್ತೆ ಒಂದೇ ಬಿತ್ತು.

ಮೇಲಿನಿಂದ ಮೂಗು ಎಳೆದುಕೊಳ್ಳುವ ಸದ್ದು ಕೇಳಿಸಿತು. ಗುಳುಂಬನಾಗಿದ್ದ ಡಾಕ್ಟರಮ್ಮ ನಿಜವಾಗಿಯೂ ಅಳುತ್ತಿದ್ದರು. ‘ದಾಳದ ಮನೆ ಹಾಳಾಗಲಿ. ಎದ್ದು ಬನ್ನಿ ಸಾರ್’ ಎಂದರು.

ಅವನು ಎದ್ದು ಬಂದಾಗ ಕೋಣೆತುಂಬ ಜನ ಕಣ್ಣು ಒರೆಸಿಕೊಳ್ಳುತ್ತಿದ್ದರು. ಕೆಲವರು ದಿಂಬು ತೆಗೆದು ಅದಕ್ಕೇ ಮುಖ ಒರೆಸಿದರು. ಚಿತ್ರಗಾರ ಪೆನ್ಸಿಲ್ ತರಿಸಿ, ಅವರವರ ಹಳೆಯ ಪುಸ್ತಕದ ಮೊದಲ ಪುಟದಲ್ಲಿ ಒಂದೊಂದು ಗುಳುಂಬನನ್ನು ಬರೆದುಕೊಟ್ಟ. ಹೊಟ್ಟೆಯನ್ನು ಎಷ್ಟು ದೊಡ್ಡದು ಮಾಡಿದನೆಂದರೆ ಮೇಷ್ಟ್ರು ಅಳೆದು ನೋಡಿ, ಆರು ಜನ ಹಿಡಿಸುತ್ತಾರೆ ಎಂದರು. ಅವನ ಕೈ ಐದು ವರ್ಷದಲ್ಲಿ ಇಷ್ಟು ಚೆನ್ನಾಗಿ ಓಡಿರಲಿಲ್ಲ. ಸಂತೋಷ ತಡೆಯದೆ ಅವನು ಹೇಳಿದ: ‘ನಿಮ್ಮ ಹಳೇ ಪುಸ್ತಕವೇ ಸರಿ. ಹೊಸದನ್ನ ಯಾರೂ ಕೊಳ್ಳಬೇಡಿ. ಕೊಂಡಿರೋರು ಅಂಗಡಿಗೆ ವಾಪಸ್ಸು ಕೊಟ್ಟುಬಿಡಿ. ಬರೆದವನು ನಾನೇ ಹೇಳ್ತಿದೀನಿ.’

ಡಾಕ್ಟರಮ್ಮ ಅದನ್ನು ಫೋನಿನಲ್ಲಿ ಚಿತ್ರೀಕರಿಸಿ ಎಲ್ಲರಿಗೂ ಕಳಿಸಿದರು. ಹೊಟ್ಟೆಗಳ್ಳ ಎಂದು ಬೈದವರೆಲ್ಲ ನೋಡನೋಡುತ್ತಲೇ ಕ್ಷಮೆ ಕೇಳತೊಡಗಿದರು. ನಾಲ್ಕೂಮುಕ್ಕಾಲಿಗೆ ಊರಿನಲ್ಲಿ ಒಂದು ಬಯ್ಗುಳವೂ ಉಳಿದಿರಲಿಲ್ಲ. ಚಿತ್ರಗಾರ ಮುಖ ತೊಳೆದುಕೊಂಡು, ತಲೆ ಬಾಚಿ, ಎದೆಯುಬ್ಬಿಸಿ ಯಜಮಾನರ ಕೋಣೆಗೆ ಹೋದ.

ಯಜಮಾನರು ಎದ್ದು ನಿಂತು ಕೈ ಕುಲುಕಿದರು. ಚಿತ್ರಗಾರನಿಗೆ ಇದು ಅನಿರೀಕ್ಷಿತ.

‘ಕೂತ್ಕೊಳ್ಳಪ್ಪ. ನಿನ್ನ ಕಾಯಂ ಮಾಡೋಣ ಅಂತ ಕರೆಸಿದ್ದು. ಎಂಥ ಕೆಲಸ ಮಾಡಿದೀಯ ಗೊತ್ತಾ? ಇಪ್ಪತ್ತು ವರ್ಷದಲ್ಲಿ ಹೋಗದಷ್ಟು ಪುಸ್ತಕ ಎರಡು ದಿನದಲ್ಲಿ ಹೋಗಿದೆ. ನೆನ್ನೆ ರಾತ್ರಿ ಮತ್ತೆ ಅಚ್ಚಿಗೆ ಕೊಟ್ಟೆ.’

‘ಜನ ಬೈತಿದ್ರಲ್ಲ ಸಾರ್?’

‘ಅದಕ್ಕೇ ಕಣಯ್ಯ. ಬೈಯ್ಯಬೇಕು ಅಂದ್ರೆ ಮೊದಲು ಕೊಂಡು ನೋಡಬೇಕಲ್ಲ. ಒಬ್ಬ ಕೊಂಡು ಬೈತಾನೆ, ಅದನ್ನ ಕೇಳಿ ಇನ್ನೊಬ್ಬ ಅಷ್ಟು ಕೆಟ್ಟದಾಗಿದೆಯಾ ಅಂತ ಕೊಳ್ತಾನೆ. ಗುಳುಂಬನನ್ನ ಹೀಗೆ ಮಾಡಿದಾರೆ, ಉಳಿದವರನ್ನ ಏನು ಮಾಡಿದಾರೋ ಅಂತ ಮತ್ತೊಬ್ಬ ಕೊಳ್ತಾನೆ. ಸಿಟ್ಟಿದ್ದಷ್ಟು ದಿನ ನಮಗೆ ಸುಗ್ಗಿ. ಅಂದಹಾಗೆ, ಮಧ್ಯಾಹ್ನದಿಂದ ಯಾಕೋ ಎಲ್ಲಾ ತಣ್ಣಗಾಗಿದೆ. ಅಂಗಡಿಯವರು ಒಬ್ಬೊಬ್ಬರಾಗಿ ಫೋನ್ ಮಾಡಿ ಪುಸ್ತಕ ಬೇಡ, ಬಂದದ್ದೂ ವಾಪಸ್ಸು ಅಂತಿದಾರೆ. ಯಾರೋ ಕೊಳ್ಳಬೇಡಿ ಅಂದನಂತೆ. ಯಾವ ಅವಿವೇಕಿ ಅಂತ ನಿಂಗೇನಾದ್ರೂ ಗೊತ್ತಾ?’

ಚಿತ್ರಗಾರ ಬಾಯಿ ತೆರೆದ. ಉತ್ತರ ಹೇಳುವ ಅಗತ್ಯ ಬೀಳಲಿಲ್ಲ, ಏಕೆಂದರೆ ಅಷ್ಟರಲ್ಲಿ ಯಜಮಾನರ ಫೋನಿಗೆ ಡಾಕ್ಟರಮ್ಮ ಕಳಿಸಿದ್ದು ಬಂದು ಮುಟ್ಟಿತು. ಯಜಮಾನರು ಅದನ್ನು ಪೂರ್ತಿ ನೋಡಿದರು, ಇನ್ನೊಮ್ಮೆ ನೋಡಿದರು. ಆಮೇಲೆ ಬಹಳ ಶಾಂತವಾಗಿ ಫೋನು ಕೆಳಗಿಟ್ಟರು.

‘ನಿನಗೆ ಯಾರಪ್ಪ ಹೇಳಿದ್ದು ಸಮಾಧಾನ ಮಾಡು ಅಂತ?’

‘ರೂಲ್ಸಣ್ಣ ಸಾರ್...’

‘ಮನೆಗೆ ಕಳಿಸಿಬಿಡಬೇಕು ನಿನ್ನ. ಆದರೂ ಕೈ ಚೆನ್ನಾಗಿದೆ ಅಂತ ಒಂದು ಅವಕಾಶ ಕೊಡ್ತೀನಿ. ನಾಳೆ ಬೆಳಿಗ್ಗೆ ಒಳಗೆ ಅವರಿಗೆ ಮತ್ತೆ ಸಿಟ್ಟು ಬರಬೇಕು. ಏನಾದ್ರೂ ಬರಿ, ಏನಾದ್ರೂ ಅಳಿಸು, ಅದು ನಿನ್ನ ಕಷ್ಟ. ಅವರಿಗೆ ಸಿಟ್ಟು ಬಂದ್ರೆ ನೀನು ಕಾಯಂ. ಬರದಿದ್ರೆ ನೀನೂ ಬರಬೇಡ.’

ಚಿತ್ರಗಾರ ಹೊರಗೆ ಬಂದಾಗ ಅವರೆಲ್ಲ ಗೇಟಿನಲ್ಲೇ ಕಾಯುತ್ತಿದ್ದರು. ಡಾಕ್ಟರಮ್ಮ ಓಡಿಬಂದು ಕೈ ಹಿಡಿದರು. ‘ಏನಾಯ್ತು ಸಾರ್?’

ಅವನು ಉಸಿರು ಗಟ್ಟಿಮಾಡಿಕೊಂಡ. ಇದ್ದ ಕಾಲಾವಕಾಶವೇ ಕಡಿಮೆ. ‘ಗುಳುಂಬನ ಹೊಟ್ಟೆ ಕೊಡಲ್ಲ’ ಎಂದ. ‘ಇರೋ ಸೊಂಟಾನೂ ಸಣ್ಣ ಮಾಡ್ತೀನಿ.’

‘ಮಾಡಿ ಸಾರ್’ ಎಂದರು ಮೇಷ್ಟ್ರು. ‘ನಾವೆಲ್ಲ ಈಗ ತಾನೇ ಮಾತಾಡ್ಕೊಂಡ್ವಿ. ಇನ್ನು ಮೇಲೆ ನೀವು ಏನು ಬರೆದ್ರೂ ನಮಗೆ ಒಪ್ಪಿಗೆ. ಜಾಗದ ಲೆಕ್ಕ ನಾನು ಹೇಗೋ ಸರಿ ಮಾಡ್ಕೋತೀನಿ.’

‘ನೂರು ಹಲ್ಲು ಇಡ್ತೀನಿ. ಎಲ್ಲಾ ಬಿಳೀದು.’

‘ಇನ್ನೂರು ಇಡಿ’ ಎಂದರು ಡಾಕ್ಟರಮ್ಮ. ‘ನಿಮ್ಮ ಮನಸ್ಸು ನಮಗೆ ಗೊತ್ತಾಗಿದೆಯಲ್ಲ.’

‘ನಿಮ್ಮ ಗುಳುಂಬ ದರಿದ್ರ’ ಎಂದು ಚಿತ್ರಗಾರ ಕಿರುಚಿದ. ‘ನಿಮ್ಮ ಆಟ ದರಿದ್ರ. ಮೇಜಿನ ಕೆಳಗೆ ಕೂರೋ ನೀವೆಲ್ಲಾ ಹುಚ್ಚರು.’

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ‘ಪಾಪ, ಒಳಗೆ ಏನು ಅಂದರೋ ಏನೋ’ ಎಂದು ಮೇಷ್ಟ್ರ ಹೆಂಡತಿ ಅವನ ತಲೆ ನೇವರಿಸಿದರು. ಕಂಡಕ್ಟರು ಹೆಗಲ ಮೇಲೆ ಕೈ ಹಾಕಿ, ‘ಅತ್ಬಿಡಿ ಸಾರ್, ಹಗುರ ಆಗುತ್ತೆ’ ಎಂದ.

ಚಿತ್ರಗಾರ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ಅವರೆಲ್ಲ ಸುತ್ತ ನಿಂತು ಪ್ರೀತಿಯಿಂದ ಅವನನ್ನೇ ನೋಡುತ್ತಿದ್ದರು. ಒಬ್ಬರ ಮುಖದಲ್ಲೂ ಎಳ್ಳಷ್ಟು ಸಿಟ್ಟಿರಲಿಲ್ಲ.